2020ರ ಲಾಕ್‌ಡೌನ್‌ನಲ್ಲಿ ಗಲ್ಫ್‌ನ ಪಾಸ್ಖ ಹಬ್ಬ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬೇಳ, ಕಯ್ಯಾರು, ಮಂಜೇಶ್ವರ, ವರ್ಕಾಡಿ ಕಡೆಯ ಕ್ರೈಸ್ತ ಮನೆಗಳಲ್ಲಿ ಒಬ್ಬರಾದ್ರೂ ಗಲ್ಫಿನಲ್ಲಿ ಇಲ್ಲದ ಮನೆ ಹುಡುಕ್ಲಿಕ್ಕೆ ಚೂರು ಕಷ್ಟವೇ. ನಾವೂ ಆ ವರ್ಷ ದುಬೈಯಲ್ಲಿ ಇದ್ದವರು. ಈಗ ಊರಿಗೆ ಬಂದ ಮೇಲೆ ಮದುವೆಗೆ ಹೋದ್ರೂ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಹೋದ್ರೂ ಅದೇ ಪ್ರಶ್ನೆ, ಆಗ ಹಬ್ಬ ಹೇಗೆ ಮಾಡಿದ್ರಿ, ಪೂಜೆ ಇತ್ತಾ, ಎಂತ ತಿಂದ್ರಿ ಅಂತ. ಒಬ್ಬೊಬ್ಬರಿಗೆ ಹೇಳುವ ಬದ್ಲು ಎಲ್ಲ ಒಟ್ಟಿಗೆ ಬರೆದು ಹಾಕಿದ್ದೇನೆ. ಮುಂದೆ ಯಾವತ್ತಾದ್ರೂ ಪುನಃ ಬಾಗಿಲು ಹಾಕಿದ್ರೆ ಯಾರಿಗಾದ್ರೂ ಉಪಯೋಗಕ್ಕೂ ಬರ್ಬಹುದು.

ಯಾವ ಹಬ್ಬದ ಬಗ್ಗೆ ಹೇಳುದು ನೀವು?

ಈಸ್ಟರ್, ನಮ್ಮ ಮನೆಮಾತು ಕೊಂಕಣಿಯಲ್ಲಿ ಪಾಸ್ಕಾಂಚೆಂ ಫೆಸ್ತ್. 2020ರಲ್ಲಿ ಅದು ಏಪ್ರಿಲ್ 12ಕ್ಕೆ ಬಂದಿತ್ತು. ಗರಿಗಳ ಭಾನುವಾರ 5ಕ್ಕೆ, ಪವಿತ್ರ ಗುರುವಾರ 9ಕ್ಕೆ, ಶುಭ ಶುಕ್ರವಾರ 10ಕ್ಕೆ. ಆ ಇಡೀ ವಾರ ಲಾಕ್‌ಡೌನ್‌ನ ನಟ್ಟನಡುವೆ ಸಿಕ್ಕಿಕೊಂಡಿತ್ತು. ಜೊತೆಗೆ ಕೆಲಸ ಮಾಡುವ ಈಜಿಪ್ಟಿನ ಕೊಪ್ಟಿಕ್‌ನವರದ್ದು ಒಂದು ವಾರ ಲೇಟು, 19ಕ್ಕೆ, ಅವರ ಪಂಚಾಂಗವೇ ಬೇರೆ.

ಚರ್ಚೇ ಬಂದ್ ಅಂದ್ಮೇಲೆ ಹಬ್ಬವನ್ನೇ ಎರಡು ತಿಂಗಳು ಮುಂದೆ ಹಾಕ್ಬಹುದಿತ್ತಲ್ವಾ?

ಇದು ಎಲ್ಲರೂ ಕೇಳುವ ಪ್ರಶ್ನೆ, ಕೇಳುದ್ರಲ್ಲಿ ನ್ಯಾಯವೂ ಉಂಟು, ಮದುವೆ ಮುಂದೆ ಹಾಕಿದ್ರು, ಪರೀಕ್ಷೆ ಮುಂದೆ ಹಾಕಿದ್ರು, ಒಲಿಂಪಿಕ್ಸನ್ನೇ ಒಂದು ವರ್ಷ ಮುಂದೆ ಹಾಕಿದ್ರು, ಹಬ್ಬ ಯಾಕೆ ಆಗುದಿಲ್ಲ ಅಂತ. ಆದ್ರೆ ಪಾಸ್ಖದ ದಿನ ಯಾರೋ ಕೂತು ನಿಗದಿ ಮಾಡುದಲ್ಲ, ಮಾರ್ಚಿನ ವಿಷುವತ್ತು (ಹಗಲು ರಾತ್ರಿ ಸಮ ಆಗುವ ದಿನ) ಕಳೆದು ಬರುವ ಹುಣ್ಣಿಮೆಯ ನಂತರದ ಭಾನುವಾರ ಅಂತ ಲೆಕ್ಕ. ವ್ಯಾಟಿಕನ್ನಿನವರು ಮಾರ್ಚ್ 19ಕ್ಕೆ ಒಂದು ಆದೇಶ ಹೊರಡಿಸಿದ್ರು, ಪುನಃ 25ಕ್ಕೆ ಅದನ್ನೇ ಚೂರು ಸೇರಿಸಿ ಕೊಟ್ರು, ಕಾರ್ಡಿನಲ್ ರಾಬರ್ಟ್ ಸಾರಾ ಅವರ ಸಹಿ ಅದಕ್ಕೆ. ಅದ್ರಲ್ಲಿ ಸ್ಪಷ್ಟ ಉಂಟು, ಪಾಸ್ಖವನ್ನು ಮುಂದೂಡ್ಲಿಕ್ಕೆ ಬರುದಿಲ್ಲ ಅಂತ. ಮುಂದೂಡ್ಬಹುದಾದದ್ದು ತೈಲ ಆಶೀರ್ವಾದದ ಪೂಜೆ, ಮತ್ತೆ ಊರಿನವರ ಭಕ್ತಿಯ ಮೆರವಣಿಗೆಗಳು. ಆ ಮೆರವಣಿಗೆಗಳಿಗೆ ಬೇಕಾದ್ರೆ ಸೆಪ್ಟೆಂಬರ್ 14, 15 ಆಗ್ಬಹುದು ಅಂತ ಉದಾಹರಣೆ ಬೇರೆ ಕೊಟ್ಟಿದ್ರು.

ಇದನ್ನು ಓದಿ ಬೇಳದವರಿಗೆ ಒಳಗೊಳಗೆ ಖುಷಿ. 14 ಶಿಲುಬೆಯ ಹಬ್ಬ, 15 ಶೋಕಮಾತೆಯ (ಮಾತೆ ಮರಿಯಳ) ಹಬ್ಬ, 1890ರ ಬೇಳ ಚರ್ಚು ಅದೇ ಶೋಕಮಾತೆಯ ಹೆಸರಿನದ್ದಲ್ವಾ. ರೋಮಿನವರು ನಮ್ಮನ್ನು ನೋಡಿ ಬರೆದದ್ದಲ್ಲ, ಆದ್ರೂ ನಮ್ಮ ಲೆಕ್ಕಕ್ಕೆ ಸರೀ ಬಂತು.

ಹಾಗಾದ್ರೆ ಎಂತೆಂತ ಬಿಟ್ರು?

ಪಟ್ಟಿ ನೋಡಿದ್ರೆ ಜನ ಸೇರುವ ಭಾಗ ಎಲ್ಲ ಹೋಯ್ತು. ಗರಿಗಳ ಭಾನುವಾರ ಹೊರಗಿನ ಮೆರವಣಿಗೆ ಇಲ್ಲ, ಎಂತ ಮಾಡುದಿದ್ರೂ ಚರ್ಚಿನ ಒಳಗೆ. ಗುರುವಾರದ ಪಾದ ತೊಳೆಯುವ ಕ್ರಮ ಇಲ್ಲ (ಅದು ಮೊದ್ಲೇ ಐಚ್ಛಿಕ, ಬೇಕಾದ್ರೆ ಮಾಡುದು ಅಷ್ಟೆ, ನಮ್ಮವರಿಗೆ ಅದು ಗೊತ್ತಿರ್ಲಿಲ್ಲ, ಅದಿಲ್ಲದಿದ್ರೆ ಪೂಜೆಯೇ ಆಗುದಿಲ್ಲ ಅಂತ ಅಂದುಕೊಂಡವರು ತುಂಬಾ ಜನ). ಪೂಜೆ ಮುಗಿದ ಮೇಲೆ ಪರಮಪ್ರಸಾದವನ್ನು (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಮೆರವಣಿಗೆಯಲ್ಲಿ ಕೊಂಡೋಗಿ ಬೇರೆ ಪೀಠದಲ್ಲಿ ಇಡುದೂ ಇಲ್ಲ. ಶುಕ್ರವಾರ ಶಿಲುಬೆಗೆ ಮುತ್ತು ಕೊಡುದು ಫಾದರ್ ಒಬ್ರೇ. ಶನಿವಾರ ರಾತ್ರಿ ಹೊರಗೆ ಬೆಂಕಿ ಹಾಕುದು ಇಲ್ಲ, ಪಾಸ್ಖದ ಮೊಂಬತ್ತಿ ಮಾತ್ರ ಹೊತ್ತಿಸುದು, ದೀಕ್ಷಾಸ್ನಾನದ ವಾಗ್ದಾನವನ್ನು ಪುನಃ ಹೇಳುದು. ಇನ್ನು ಸೇರಿಸಿದ್ದು ಅಂದ್ರೆ ಶುಭ ಶುಕ್ರವಾರದ ಪ್ರಾರ್ಥನೆಗಳಲ್ಲಿ ರೋಗಿಗಳಿಗೆ, ದಿಕ್ಕು ತೋಚದವರಿಗೆ, ತೀರಿಕೊಂಡವರಿಗೆ ಒಂದು ವಿಶೇಷ ಪ್ರಾರ್ಥನೆ.

ಇದ್ರಿಂದ ನಂಗೆ ಅರ್ಥ ಆದದ್ದು ಇಷ್ಟೆ, ಧರ್ಮಸಭೆಯೇ ಕೂತು ಯಾವುದು ಹಬ್ಬ, ಯಾವುದು ಹಬ್ಬದ ಅಲಂಕಾರ ಅಂತ ಬೇರ್ಪಡಿಸಿ ಕೊಟ್ಟಿತ್ತು. ಮನೆಯಲ್ಲಿ ನಾವೂ ಅದೇ ಕೆಲಸ ಮಾಡ್ಬೇಕಿತ್ತು. ಊರಿನ ಹಬ್ಬವನ್ನು ಪೂರ್ತಿ ಒಂದು ಫ್ಲ್ಯಾಟಿನೊಳಗೆ ತುರುಕ್ಲಿಕ್ಕೆ ಹೊರಟವರು ಶನಿವಾರಕ್ಕೇ ಸುಸ್ತಾಗಿದ್ರು.

ದುಬೈಯಲ್ಲಿ ಅಷ್ಟು ಸ್ಟ್ರಿಕ್ಟ್ ಇತ್ತಾ? ಕುವೈತಿನಲ್ಲಿ?

ಯುಎಇಯಲ್ಲಿ ಮಾರ್ಚ್ 16ಕ್ಕೆ ಮಸೀದಿ, ಚರ್ಚು, ದೇವಸ್ಥಾನ ಎಲ್ಲ ಬಂದ್ ಅಂತ ಆದೇಶ ಆಯ್ತು, ಮೊದ್ಲು ನಾಲ್ಕು ವಾರ ಅಂತ, ಮತ್ತೆ ಮುಂದುವರಿಯಿತು. 26ರಿಂದ ರಾತ್ರಿ ಹೊತ್ತು ಸ್ಯಾನಿಟೈಸ್ ಮಾಡುವ ಕಾರ್ಯಕ್ರಮ, ಹೊರಗೆ ಹೋಗುವ ಹಾಗಿಲ್ಲ. ಏಪ್ರಿಲ್ 4ರಿಂದ ದುಬೈಯಲ್ಲಿ ಎರಡು ವಾರ ಇಡೀ ದಿನ ಹಾಗೇ, ಸಾಮಾನು ತರ್ಲಿಕ್ಕೂ ವೆಬ್‌ಸೈಟಿನಲ್ಲಿ ಪರ್ಮಿಟ್ ತೆಗಿಬೇಕು, ಮೆಟ್ರೋ ನಿಂತಿತ್ತು. ಅಂದ್ರೆ ಗರಿಗಳ ಭಾನುವಾರದ ಹಿಂದಿನ ರಾತ್ರಿಯಿಂದ ಪಾಸ್ಖ ಕಳೆಯುವ ತನಕ ಪೂರ್ತಿ ಒಳಗೆ. ದೇರಾದ ಅಲ್ ರಾಸ್ ಅಂತ ಏರಿಯಾ ಉಂಟಲ್ಲಾ, ನಮ್ಮ ಕಾಸರಗೋಡಿನವರು ಸುತ್ತಮುತ್ತ ತುಂಬಾ ಇರುವ ಜಾಗ, ಅದನ್ನು ಮಾರ್ಚ್ 31ರಿಂದ ಸೀಲೇ ಮಾಡಿದ್ರು.

ಕುವೈತಿನಲ್ಲಿ ಮಾರ್ಚ್ 22ರಿಂದ ಸಂಜೆ 5ರಿಂದ ಬೆಳಿಗ್ಗೆ 4ರ ತನಕ ಕರ್ಫ್ಯೂ, ಏಪ್ರಿಲ್ 6ರಿಂದ ಅದು ಬೆಳಿಗ್ಗೆ 6ರ ತನಕ ಆಯ್ತು, ಮತ್ತೆ ಜಲೀಬ್ ಮತ್ತು ಮಹಬೂಲ, ಎರಡೂ ನಮ್ಮವರೇ ತುಂಬಿರುವ ಜಾಗ, ಪೂರ್ತಿ ಬಂದ್. ಅಲ್ಲಿ ಬಾಂಗಿನಲ್ಲೇ "ನಿಮ್ಮ ಮನೆಗಳಲ್ಲೇ ನಮಾಜ್ ಮಾಡಿ" ಅಂತ ಸೇರಿಸಿ ಕೂಗಿದ್ರು. ಹೊಟ್ಟೆ ಒಳಗೆ ಹೇಗೋ ಆಗ್ತಿತ್ತು ಅಂತ ನಮ್ಮ ಪರಿಚಯದವರು ಈಗ್ಲೂ ಹೇಳ್ತಾರೆ, ಅವರ ಧರ್ಮದ್ದಲ್ಲದಿದ್ರೂ.

ಇನ್ನೊಂದು ವಿಷಯ. ಗಲ್ಫಿನ ಚರ್ಚಿನವರಿಗೆ ಕಂಪೌಂಡಿನ ಹೊರಗೆ ಮೆರವಣಿಗೆ ಮೊದ್ಲಿಂದ್ಲೂ ಇಲ್ಲ, ಎಲ್ಲ ಒಳಗೇ ಮಾಡುದು. ಹಾಗಾಗಿ ಊರಿನವರಿಗೆ ಆದಷ್ಟು ಶಾಕ್ ಆ ವಿಷಯದಲ್ಲಿ ನಮಗೆ ಆಗ್ಲಿಲ್ಲ.

ಭಾನುವಾರ ನಿಮಗೆ ರಜೆ ಇತ್ತಾ?

ಎಲ್ಲಿಂದ! ಆಗ ಯುಎಇಯಲ್ಲಿ ಶುಕ್ರ ಶನಿ ರಜೆ, ಶನಿ ಭಾನುವಾರ ರಜೆ ಆದದ್ದು 2022ರಿಂದ. ಹಾಗಾಗಿ ಗಲ್ಫಿನಲ್ಲಿ ಶುಭ ಶುಕ್ರವಾರಕ್ಕೆ ಯಾವಾಗ್ಲೂ ರಜೆ ಸಿಗ್ತಿತ್ತು, ಪಾಸ್ಖದ ಭಾನುವಾರ ಮಾತ್ರ ಡ್ಯೂಟಿ. ಬೇರೆ ವಾರ ಭಾನುವಾರದ ಪೂಜೆಯನ್ನು ಶುಕ್ರವಾರವೇ ಮುಗಿಸುವ ಕ್ರಮ ಇತ್ತು. ಆ ವರ್ಷ ವರ್ಕ್ ಫ್ರಮ್ ಹೋಮ್ ಇದ್ದವರು ಲ್ಯಾಪ್‌ಟಾಪಿನ ಒಂದು ಕಡೆ ಆಫೀಸ್ ಮೀಟಿಂಗ್, ಇನ್ನೊಂದು ಕಡೆ ಮ್ಯೂಟ್ ಮಾಡಿದ ಪೂಜೆ ಇಟ್ಟುಕೊಂಡಿದ್ರು. ಕ್ಲೀನಿಂಗ್, ಡೆಲಿವರಿ, ಆಸ್ಪತ್ರೆ ಕೆಲಸದವರಿಗೆ ಅದೂ ಇಲ್ಲ.

ಮೊಬೈಲಿನಲ್ಲಿ ಪೂಜೆ ನೋಡಿದ್ರೆ ಪೂಜೆಗೆ ಹೋದ ಹಾಗೆ ಆಗ್ತದಾ?

ಆಗುದಿಲ್ಲ, ಆದ್ರೆ ಆಗ ಹೋಗ್ಲೇಬೇಕು ಅನ್ನುವ ಕಡ್ಡಾಯವೂ ಇರ್ಲಿಲ್ಲ. ಹೋಗ್ಲಿಕ್ಕೆ ಸಾಧ್ಯ ಇಲ್ಲದವನಿಗೆ ಕಡ್ಡಾಯ ಇಲ್ಲ ಅನ್ನುದು ಹಳೆಯ ನಿಯಮ, ಕೊರೊನಾಕ್ಕೆ ಅಂತ ಮಾಡಿದ್ದಲ್ಲ. ಹಾಸಿಗೆ ಹಿಡಿದ ಅಜ್ಜಿಯಂದಿರು ರೇಡಿಯೋದಲ್ಲಿ ಪೂಜೆ ಕೇಳ್ತಿದ್ರಲ್ಲಾ, ಅವರ ಸಾಲಿಗೆ ಎಲ್ಲರೂ ಬಂದ್ರು ಅಷ್ಟೆ.

ಟೈಮಿನ ಲೆಕ್ಕ ಮಾತ್ರ ದೊಡ್ಡ ಗೊಂದಲ. ಯುಎಇ ಊರಿಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್ ಎರಡೂವರೆ ಗಂಟೆ ಹಿಂದೆ, ರೋಮು ಏಪ್ರಿಲಿನಲ್ಲಿ ಮೂರೂವರೆ. ಪೋಪ್ ಫ್ರಾನ್ಸಿಸ್ ಅವರ ಶನಿವಾರದ ಜಾಗರಣೆ ರೋಮಿನಲ್ಲಿ ರಾತ್ರಿ 9ಕ್ಕೆ, ಅಂದ್ರೆ ದುಬೈಯಲ್ಲಿ 11, ಕಾಸರಗೋಡಿನಲ್ಲಿ ನಡುರಾತ್ರಿ ಕಳೆದು 12.30. ಭಾನುವಾರದ ಪೂಜೆ ಅಲ್ಲಿ 11ಕ್ಕೆ, ದುಬೈಯಲ್ಲಿ ಮಧ್ಯಾಹ್ನ 1, ಊರಲ್ಲಿ 2.30. ಮಂಗಳೂರಿನ ಕೊಂಕಣಿ ಪೂಜೆ ಬೇರೆ, ಯುಎಇ ಚರ್ಚುಗಳ ಲೈವ್ ಬೇರೆ. ಎಲ್ಲ ನೋಡ್ತೇನೆ ಅಂತ ಹೊರಟವರು ಇದ್ರು, ಬೆಳಿಗ್ಗೆಯಿಂದ ಸಂಜೆ ತನಕ ಪೂಜೆ ಮೇಲೆ ಪೂಜೆ. ನಂಗೆ ಅದು ಸರಿ ಕಾಣುದಿಲ್ಲ. ಒಂದು ಪೂಜೆ ಆರಿಸಿ, ಅದಕ್ಕೆ ಸ್ನಾನ ಮಾಡಿ ಬಟ್ಟೆ ಹಾಕಿ ಕೂರಿ, ಎದ್ದು ನಿಲ್ಲುವಲ್ಲಿ ನಿಲ್ಲಿ, ಮೊಣಕಾಲೂರುವಲ್ಲಿ ಊರಿ, ಫೋನ್ ಪಕ್ಕಕ್ಕಿಡಿ. ಇದು ನಾನು ಹೇಳುದಲ್ಲ, ಮನೆಯಲ್ಲಿ ಪ್ರಾಯದವರು ಇದ್ದಲ್ಲೆಲ್ಲ ಹಾಗೇ ನಡೀತು.

ಮಾರ್ಚ್ 27ರ ಸಂಜೆ ಮಳೆಯಲ್ಲಿ, ಖಾಲಿ ಸಂತ ಪೇತ್ರರ ಚೌಕದಲ್ಲಿ ಪೋಪ್ ಒಬ್ರೇ ನಡ್ಕೊಂಡು ಹೋದದ್ದನ್ನು ಎಲ್ಲ ಧರ್ಮದವರೂ ನೋಡಿದ್ರು. ಶುಭ ಶುಕ್ರವಾರದ ಶಿಲುಬೆಯ ಹಾದಿಯೂ ಆ ವರ್ಷ ಕೊಲೋಸಿಯಮ್‌ನಲ್ಲಿ ಅಲ್ಲ, ಅದೇ ಚೌಕದಲ್ಲಿ, ಧ್ಯಾನದ ಬರಹಗಳು ಪಾದುವಾದ ಜೈಲಿನವರದ್ದು. ಒಳಗೆ ಕೂತು ಅಭ್ಯಾಸ ಇದ್ದವರ ಮಾತು ಒಳಗೆ ಕೂತವರಿಗೆ, ಆರಿಸಿದ್ದು ಒಳ್ಳೆಯದೇ ಆಯ್ತು.

ವಾಟ್ಸಾಪಿನಲ್ಲಿ ಪಾಪನಿವೇದನೆ ಮಾಡ್ಬಹುದಿತ್ತಾ?

ಇಲ್ಲ. ಫೋನಿನಲ್ಲೂ ಇಲ್ಲ, ವಿಡಿಯೋ ಕಾಲಿನಲ್ಲೂ ಇಲ್ಲ, ಸಂಸ್ಕಾರಕ್ಕೆ ಎದುರೆದುರು ಇರ್ಲೇಬೇಕು. ಫಾದರ್ ಹತ್ರ ಫೋನಿನಲ್ಲಿ ಮನಸ್ಸು ಬಿಚ್ಚಿ ಮಾತಾಡ್ಬಹುದು, ಅದು ಮಾತುಕತೆ. ಆಗ ಪೋಪ್ ಹೇಳಿದ್ದು, ಗುರು ಸಿಗದಿದ್ರೆ ದೇವರ ಹತ್ರ ನೇರ ಹೇಳಿ, ಪೂರ್ಣ ಮನಸ್ಸಿನಿಂದ ಪಶ್ಚಾತ್ತಾಪ ಪಡಿ, ಸಾಧ್ಯ ಆದ ಕೂಡ್ಲೇ ನಿವೇದನೆಗೆ ಹೋಗ್ತೇನೆ ಅಂತ ನಿಶ್ಚಯ ಮಾಡಿ ಅಂತ. ಇದು ಧರ್ಮೋಪದೇಶದ ಪುಸ್ತಕದಲ್ಲಿ ಮೊದ್ಲೇ ಇದ್ದದ್ದು.

ಟಿವಿ ಎದುರು ರೊಟ್ಟಿ, ದ್ರಾಕ್ಷಾರಸ ಇಟ್ಟು ಕೂತ್ರೆ?

ನಮ್ಮ ಕೆಥೊಲಿಕ್ ಲೆಕ್ಕದಲ್ಲಿ ಅದು ರೊಟ್ಟಿಯಾಗಿಯೇ ಉಳೀತದೆ, ಪರಮಪ್ರಸಾದ ಆಗುದಿಲ್ಲ. ಅದಕ್ಕೆ ಬದ್ಲು ಆತ್ಮಿಕ ಸ್ವೀಕಾರದ ಜಪ (ಪ್ರಸಾದ ಸಿಗದಾಗ ಮನಸ್ಸಿನಲ್ಲೇ ಸ್ವೀಕರಿಸುವ ಪ್ರಾರ್ಥನೆ) ಉಂಟು, ಸಂತ ಅಲ್ಫೋನ್ಸ್ ಲಿಗೋರಿ ಬರೆದದ್ದು, ಲೈವ್ ಪೂಜೆಗಳಲ್ಲಿ ಸ್ಕ್ರೀನಿನಲ್ಲೇ ಹಾಕ್ತಿದ್ರು. ಸಿಎಸ್‌ಐ (ಪ್ರೊಟೆಸ್ಟಂಟ್ ಸಭೆ) ಅಥವಾ ಬೇರೆ ಸಭೆಯವರ ಕ್ರಮ ಬೇರೆ ಇರ್ತದೆ, ಅವರು ಅವರ ಸಭಾಪಾಲಕರ ಹತ್ರ ಕೇಳುದು ಒಳ್ಳೆದು.

ಗರಿಗಳ ಭಾನುವಾರಕ್ಕೆ ಗರಿ ಎಲ್ಲಿಂದ ತಂದ್ರಿ?

ಊರಲ್ಲಾದ್ರೆ ತೆಂಗಿನ ಎಳೆ ಗರಿಗೆ ಬರವಾ, ಹಿತ್ತಲಿಗೆ ಹೋದ್ರೆ ಸಾಕು. ದುಬೈಯಲ್ಲಿ ರಸ್ತೆ ಬದಿ ಪೂರ್ತಿ ಖರ್ಜೂರದ ಮರ, ಬೈಬಲಿನಲ್ಲಿ ಜನ ಹಿಡಿದದ್ದೂ ಖರ್ಜೂರದ ಗರಿಯೇ ಅಂತ ಹೇಳ್ತಾರೆ, ಆದ್ರೆ ಅದು ಮುನ್ಸಿಪಾಲಿಟಿಯ ಮರ, ಕೈ ಹಾಕುವ ಹಾಗಿಲ್ಲ, ಮತ್ತೆ ಹೊರಗೆ ಹೋಗ್ಲಿಕ್ಕೂ ಪರ್ಮಿಟ್ ಬೇಕು. ಕೆಲವರು ಬಾಲ್ಕನಿಯ ಗಿಡದ ಎಲೆ ಹಿಡಿದ್ರು, ಮಕ್ಕಳು ಹಸಿರು ಪೇಪರ್ ಕತ್ತರಿಸಿ ಮಾಡಿದ್ರು. ಹಿಂದಿನ ವರ್ಷದ ಒಣಗಿದ ಗರಿಶಿಲುಬೆ ದೇವರ ಫೋಟೋದ ಹಿಂದೆ ಇದ್ದವರು ಅದನ್ನೇ ತೆಗೆದು ಕೈಯಲ್ಲಿ ಹಿಡಿದ್ರು, ನಂಗೆ ಕೇಳಿದ್ರೆ ಅದೇ ಹೆಚ್ಚು ಸರಿ, ಅದು ಒಮ್ಮೆ ಆಶೀರ್ವಾದ ಆದದ್ದು.

ಪವಿತ್ರ ಗುರುವಾರ ಪೆಸಹಾ ಅಪ್ಪ ಅಂತ ಮಾಡ್ತಾರಲ್ಲಾ, ಅದು ನಮ್ಮದಲ್ಲ ಅಲ್ವಾ?

ಅಲ್ಲ. ಅದು ಸಿರಿಯನ್ ಕ್ರೈಸ್ತರದ್ದು, ಮಲಯಾಳಿಗಳದ್ದು. ನಮ್ಮ ಜಿಲ್ಲೆಯ ಗುಡ್ಡದ ಕಡೆ, ರಾಜಪುರ, ಪಾಣತ್ತೂರು, ವೆಳ್ಳರಿಕುಂಡಿನಲ್ಲಿ ತಿರುವಾಂಕೂರಿನಿಂದ ಬಂದು ನೆಲೆಸಿದವರ ಮನೆಗಳಲ್ಲಿ ಉಂಟು, ರಾಜಪುರಕ್ಕೆ ಕ್ನಾನಾಯದವರು (ಸಿರಿಯನ್ ಕ್ರೈಸ್ತರದ್ದೇ ಒಂದು ಪಂಗಡ) ಬಂದದ್ದು 1943ರಲ್ಲಿ. ಊರಲ್ಲಿ ನಾವು ಕಡಲಿನ ಕಡೆ, ಅವರು ಗುಡ್ಡದ ಕಡೆ, ಒಂದೇ ಜಿಲ್ಲೆಯಾದ್ರೂ ಒಬ್ಬರ ಹಬ್ಬ ಇನ್ನೊಬ್ಬರಿಗೆ ಗೊತ್ತಿಲ್ಲ. ದುಬೈಯಲ್ಲಿ ಒಂದೇ ಫ್ಲೋರಿನಲ್ಲಿ ಬಾಗಿಲಿಗೆ ಬಾಗಿಲು.

ಅವರ ಪವಿತ್ರ ಗುರುವಾರ ಹೇಗೆ ಅಂದ್ರೆ, ಅಕ್ಕಿಹಿಟ್ಟು, ಉದ್ದು, ತೆಂಗಿನಕಾಯಿ, ಜೀರಿಗೆ, ಚಿಕ್ಕ ಈರುಳ್ಳಿ, ಬೆಳ್ಳುಳ್ಳಿ ಹಾಕಿ ಹುಳಿ ಬರಿಸದ ಅಪ್ಪ ಹಬೆಯಲ್ಲಿ ಬೇಯಿಸುದು, ಮೇಲೆ ಗರಿಗಳ ಭಾನುವಾರದ ಗರಿಯಿಂದ ಶಿಲುಬೆ ಇಡುದು, ಜೊತೆಗೆ ಬೆಲ್ಲ ತೆಂಗಿನಹಾಲಿನ ಪೆಸಹಾ ಪಾಲ್. ರಾತ್ರಿ ಪ್ರಾರ್ಥನೆ ಮಾಡಿ ಮನೆಯ ಹಿರಿಯ ಅದನ್ನು ಕತ್ತರಿಸಿ ಒಬ್ಬೊಬ್ಬರಿಗೇ ಕೊಡುದು. ಆ ವರ್ಷ ಮನೆಯಲ್ಲಿ ಸಾವು ಆಗಿದ್ರೆ ಆ ಮನೆಯಲ್ಲಿ ಮಾಡುದಿಲ್ಲ, ನೆರೆಯವರು ಕೊಂಡೋಗಿ ಕೊಡ್ತಾರೆ.

ಈಗ ನೋಡಿ, ಇದ್ರಲ್ಲಿ ಚರ್ಚು ಎಲ್ಲಿ ಬಂತು? ಬರುದೇ ಇಲ್ಲ. ಲಾಕ್‌ಡೌನ್ ಇದ್ರೂ ಇಲ್ಲದಿದ್ರೂ ಅವರ ಗುರುವಾರ ರಾತ್ರಿ ಅದೇ ಅಡುಗೆಮನೆಯಲ್ಲಿ, ಅದೇ ಮೇಜಿನಲ್ಲಿ. ನಮ್ಮದು ಹಾಗಲ್ಲ, ಪವಿತ್ರ ವಾರದಲ್ಲಿ ನಮ್ಮವರು ಎಲ್ಲವನ್ನೂ ಚರ್ಚಿಗೆ ಬಿಟ್ಟುಕೊಟ್ಟಿದ್ದೇವೆ, ಮನೆಗೆ ಉಳಿದದ್ದು ಗಂಜಿ ಮತ್ತು ಮಾಂಸ ಮಾತ್ರ. ಬಾಗಿಲು ಹಾಕಿದಾಗ ನಮ್ಮ ಕೈ ಖಾಲಿ ಕಂಡದ್ದು ಅದಕ್ಕೇ. ಕೊನೆಗೆ ಉಳಿದದ್ದು ರಾತ್ರಿಯ ತೇರ್ಸ್, ಅಂದ್ರೆ ಜಪಸರ, ಮತ್ತೆ ತೇರ್ಸ್ ಮುಗಿದ ಕೂಡ್ಲೇ ಚಿಕ್ಕವರು ದೊಡ್ಡವರ ಹತ್ರ ಆಶೀರ್ವಾದ ಕೇಳುವ ಪದ್ಧತಿ. ಗಲ್ಫಿನ ಶಿಫ್ಟಿನಲ್ಲಿ ತುಂಬಾ ಮನೆಗಳಲ್ಲಿ ಅದು ನಿಂತೇ ಹೋಗಿತ್ತು, ಆ ತಿಂಗಳು ಪುನಃ ಸುರು ಆಯ್ತು. ಪಾದ ತೊಳೆಯುವ ಕ್ರಮವನ್ನು ಕೆಲವರು ಮನೆಯಲ್ಲೇ ಮಾಡಿದ್ರು, ಗಂಡ ಹೆಂಡತಿಯ ಕಾಲು, ಅಪ್ಪ ಮಕ್ಕಳ ಕಾಲು ತೊಳೆದದ್ದು. ಅದಕ್ಕೆ ಯಾವ ಆದೇಶವೂ ಬೇಡ, ಬೋಗುಣಿ ಇದ್ರೆ ಆಯ್ತು.

ಶುಭ ಶುಕ್ರವಾರದ ಉಪವಾಸ? ಕೊರೊನಾ ಬಂದವರಿಗೂ ಉಂಟಾ?

ಉಪವಾಸ 18 ತುಂಬಿದವರಿಂದ 60ಕ್ಕೆ ಕಾಲಿಡುವ ತನಕ, ಮಾಂಸ ಬಿಡುದು 14 ತುಂಬಿದ ಎಲ್ಲರಿಗೂ. ಒಂದು ಪೂರ್ಣ ಊಟ, ಎರಡು ಚಿಕ್ಕದು. ಕಾಯಿಲೆಯವರಿಗೆ ಯಾವತ್ತೂ ಇಲ್ಲ, ಜ್ವರ ಇಟ್ಟುಕೊಂಡು ಉಪವಾಸ ಮಾಡಿದ್ರೆ ಪುಣ್ಯ ಬರುದಿಲ್ಲ, ನಿಶ್ಶಕ್ತಿ ಬರ್ತದೆ. ಆಸ್ಪತ್ರೆಯಲ್ಲಿ ಪಿಪಿಇ ಹಾಕಿ ಗಂಟೆಗಟ್ಟಲೆ ನಿಲ್ಲುವ ನರ್ಸುಗಳ ಹತ್ರ ಉಪವಾಸ ಮಾಡಿದ್ಯಾ ಅಂತ ಊರಿಂದ ಫೋನ್ ಮಾಡಿ ಕೇಳಿದವರೂ ಇದ್ರು ಮಾರಾಯ್ರೆ. ಊಟ ಮಾಮೂಲಿ, ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಉಪ್ಪಿನಕಾಯಿ, ಚಟ್ನಿ. ಗಂಜಿಗೆ ಲಾಕ್‌ಡೌನ್ ಗೊತ್ತಾಗ್ಲೇ ಇಲ್ಲ.

ಮತ್ತೆ ಹಬ್ಬದ ದಿನ ಎಂತ ತಿಂದ್ರಿ?

ಬಂತು ನೋಡಿ, ಎಲ್ಲರೂ ಕೊನೆಗೆ ಬರುದು ಇಲ್ಲಿಗೇ.

ಸಾನ್ನಾಂ (ಹಬೆಯಲ್ಲಿ ಬೇಯಿಸುವ ಇಡ್ಲಿಯಂಥದ್ದು) ಮತ್ತು ಬಾಫಾತ್ (ಮಸಾಲೆ ಹಾಕಿದ ಮಾಂಸದ ಸಾರು). ಊರಲ್ಲಿ ಸಾನ್ನಾಂ ಹಿಟ್ಟಿಗೆ ಶೇಂದಿ ಹಾಕಿ ಹುಳಿ ಬರಿಸುದು. ಗಲ್ಫಿನಲ್ಲಿ ಶೇಂದಿ ಕನಸು, ಯೀಸ್ಟ್ ಹಾಕುದು. ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಲ್ಲಿ ಬ್ರೆಡ್ ಮಾಡ್ಲಿಕ್ಕೆ ಸುರು ಮಾಡಿ ಯೀಸ್ಟ್ ಕೂಡ ಶೆಲ್ಫಿನಿಂದ ಮಾಯ ಆಗ್ತಿತ್ತು. ಎರಡು ಕಪ್ ಅಕ್ಕಿಗೆ ಅರ್ಧ ಕಪ್ ಉದ್ದು, ನೆನೆಸಿ ನುಣ್ಣಗೆ ರುಬ್ಬಿ, ಉಗುರುಬೆಚ್ಚಗೆ ನೀರಲ್ಲಿ ಸಕ್ಕರೆ ಹಾಕಿ ಅರ್ಧ ಚಮಚ ಯೀಸ್ಟ್ ಎಬ್ಬಿಸಿ ಸೇರಿಸಿದ್ರೆ ಆಯ್ತು. ಯೀಸ್ಟ್ ಸಿಗದವರು ಎಳನೀರಿಗೆ ಸಕ್ಕರೆ ಹಾಕಿ ರಾತ್ರಿ ಇಟ್ಟು ಹುಳಿ ಬರಿಸಿ ಅದ್ರಲ್ಲಿ ರುಬ್ಬಿದ್ರು, ಚೂರು ಗಟ್ಟಿ ಆದ್ರೂ ಪರಿಮಳ ಊರಿನದ್ದಕ್ಕೆ ಹತ್ರ ಬರ್ತದೆ. ದುಬೈಯ ಸೆಖೆಗೆ ಹಿಟ್ಟು ಬೇಗ ಉಬ್ಬುತ್ತದೆ, ಎಸಿ ಇರುವ ಕೋಣೆಯಲ್ಲಿ ಇಟ್ರೆ ಮಾತ್ರ ಏಳುದೇ ಇಲ್ಲ, ಅಡುಗೆಮನೆಯಲ್ಲೇ ಬಿಡಿ.

ದುಕ್ರಾಮಾಸ್ (ಹಂದಿಮಾಂಸ) ದುಬೈಯಲ್ಲಿ ಸಿಗ್ತದೆ, ಕೆಲವು ಸೂಪರ್ ಮಾರ್ಕೆಟಿನಲ್ಲಿ ಮುಸ್ಲಿಮೇತರರಿಗೆ ಅಂತ ಬೋರ್ಡ್ ಹಾಕಿದ ಬೇರೆ ಕೋಣೆ ಉಂಟು. ಕುವೈತಿನಲ್ಲಿ ನಿಷೇಧ, ಅಲ್ಲಿಯವರು ಕುರಿ ಅಥವಾ ಕೋಳಿಯಲ್ಲೇ ಬಾಫಾತ್ ಮಾಡುದು, ಲಾಕ್‌ಡೌನ್ ಆದ್ರೂ ಇಲ್ಲದಿದ್ರೂ. ಬಾಫಾತ್ ಪುಡಿ ಮುಗಿದವರು ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕರಿಮೆಣಸು, ಅರಶಿನ ಹುರಿದು ಪುಡಿ ಮಾಡಿಕೊಂಡ್ರು, ಬ್ಯಾಡಗಿ ಇಲ್ಲದಿದ್ರೆ ಕಾಶ್ಮೀರಿ ಮೆಣಸು ಆಗ್ತದೆ, ಬಣ್ಣ ಬರ್ತದೆ. ವಿನೆಗರ್ ಮರೀಬೇಡಿ. ಮಾರ್ಜಿಪಾನಿನ ಮೊಟ್ಟೆ (ಮೊಟ್ಟೆಯ ಆಕಾರದ ಸಿಹಿತಿಂಡಿ) ಗೋಡಂಬಿ ಇದ್ರೆ ಮನೆಯಲ್ಲೇ ಮಾಡ್ಬಹುದು, ಮಕ್ಕಳಿಗೆ ಅರ್ಧ ದಿನದ ಕೆಲಸವೂ ಆಗ್ತದೆ.

ಯಾರನ್ನೂ ಊಟಕ್ಕೆ ಕರಿಲಿಕ್ಕೆ ಇಲ್ಲ ಅನ್ನುದೇ ದೊಡ್ಡ ಬೇಜಾರು. ಮೇ ತಿಂಗಳಲ್ಲಿ ಬಂದ ಪಟ್ಟಿಯಲ್ಲಂತೂ ಜನ ಸೇರಿಸಿದವನಿಗೆ 10,000 ದಿರ್ಹಮ್, ಬಂದವರಿಗೆ ತಲಾ 5,000 ದಂಡ. ಪಕ್ಕದ ಫ್ಲ್ಯಾಟಿನ ಹ್ಯಾಂಡಲಿಗೆ ಚೀಲ ತೂಗು ಹಾಕಿ ಬೆಲ್ ಒತ್ತಿ ಓಡಿ ಬರುದು, ಅದೇ ಆ ವರ್ಷದ ಅತಿಥಿ ಸತ್ಕಾರ.

ಬೆಡ್ ಸ್ಪೇಸಿನಲ್ಲಿ ಇದ್ದವರ ಗತಿ?

ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆ ಇದು. ಒಂದು ರೂಮಿನಲ್ಲಿ ಆರೆಂಟು ಜನ, ಮೇಲೆ ಕೆಳಗೆ ಮಂಚ, ಅದ್ರಲ್ಲಿ ಕ್ರೈಸ್ತ ಒಬ್ಬನೇ ಇರ್ಬಹುದು. ಅವನಿಗೆ ಇಯರ್‌ಫೋನೇ ಚರ್ಚು. ಆದ್ರೆ ಕಾಸರಗೋಡಿನ ರೂಮುಗಳ ಕತೆಯೇ ಬೇರೆ. ಬ್ಯಾರಿ, ಮಲಯಾಳ, ತುಳು, ಕನ್ನಡ, ಕೊಂಕಣಿ ಎಲ್ಲ ಒಂದೇ ಪಾತ್ರೆಯ ಅನ್ನ ಉಣ್ಣುವವರು. ಶುಭ ಶುಕ್ರವಾರ ಅಂತ ಗೊತ್ತಾಗಿ ರೂಮಿನವರು ಆ ದಿನ ಮೀನು ಮಾಂಸ ಮಾಡದೆ ಬಿಟ್ಟ ಕತೆ ಒಂದಕ್ಕಿಂತ ಹೆಚ್ಚು ಜನ ಹೇಳಿದ್ದಾರೆ. ಏಪ್ರಿಲ್ 24ಕ್ಕೆ ರಂಜಾನ್ ಸುರು ಆಯ್ತು, ಮಸೀದಿ ಬಂದ್, ಇಫ್ತಾರ್ ಟೆಂಟ್ ಇಲ್ಲ, ತರಾವೀಹ್ (ರಂಜಾನಿನ ರಾತ್ರಿ ನಮಾಜ್) ರೂಮಿನಲ್ಲೇ. ಆಗ ನಮ್ಮವನು ಅಡುಗೆ ಪಾಳಿ ತಗೊಂಡ. ಇದನ್ನು ದೊಡ್ಡ ಸೌಹಾರ್ದ ಅಂತ ಭಾಷಣ ಮಾಡುದು ಬೇಡ, ರೂಮಿನಲ್ಲಿ ಬದುಕುದಂದ್ರೆ ಹಾಗೇ.

ಊರಿನವರ ಹತ್ರ ವಿಡಿಯೋ ಕಾಲ್ ಮಾಡಿದ್ರಾ?

ಯುಎಇಯಲ್ಲಿ ವಾಟ್ಸಾಪ್ ಕಾಲ್ ಹೋಗುದಿಲ್ಲ ಅಂತ ಗೊತ್ತುಂಟಲ್ಲಾ. ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಕ್ಲಾಸು, ಆಫೀಸು ಅಂತ ಝೂಮ್, ಟೀಮ್ಸ್ ತರದ ಕೆಲವು ಆ್ಯಪ್ ಬಿಟ್ರು. ಹಾಗಾಗಿ ಕುಟುಂಬದ ಪಾಸ್ಖ ಝೂಮಿನಲ್ಲಿ. ದುಬೈಯಲ್ಲಿ ಮಗ, ಕುವೈತಿನಲ್ಲಿ ಅಳಿಯ, ಐರ್ಲೆಂಡಿನಲ್ಲಿ ಮಗಳು, ಪೆರ್ಲದಲ್ಲಿ ಅಮ್ಮ. ಫ್ರೀ ಅಕೌಂಟು 40 ನಿಮಿಷಕ್ಕೆ ಕಟ್, ಅದ್ರಲ್ಲಿ ಮೊದಲ ಇಪ್ಪತ್ತು ನಿಮಿಷ ಅಮ್ಮನಿಗೆ ಮ್ಯೂಟ್ ತೆಗಿಲಿಕ್ಕೆ ಹೇಳಿಕೊಡುದರಲ್ಲೇ ಹೋಗ್ತದೆ. ಅದೇ ವರ್ಷ ಕ್ರಿಸ್ಮಸಿಗೆ ಝೂಮಿನವರೇ ಕೆಲವು ದಿನಕ್ಕೆ ಆ ಮಿತಿ ತೆಗೆದ್ರು.

ಆಗ ಕಾಸರಗೋಡಿನಲ್ಲಿ ಎಂತ ಪರಿಸ್ಥಿತಿ?

ನಮ್ಮ ಹಬ್ಬಕ್ಕಿಂತ ಅದರ ತಲೆಬಿಸಿಯೇ ಜಾಸ್ತಿ. ದೇಶದ ಮೂರನೇ ಕೇಸು ಫೆಬ್ರವರಿ 3ಕ್ಕೆ ನಮ್ಮ ಜಿಲ್ಲೆಯಲ್ಲೇ, ವುಹಾನಿನಿಂದ ಬಂದ ವಿದ್ಯಾರ್ಥಿ. ಮಾರ್ಚಿನಲ್ಲಿ ಗಲ್ಫಿನಿಂದ ಬಂದವರಲ್ಲಿ ಕೇಸು ಏರಿ ಕಾಸರಗೋಡು ದೇಶಕ್ಕೇ ಸುದ್ದಿ ಆಯ್ತು, ಮನೆ ಬಾಗಿಲಲ್ಲಿ ಪೊಲೀಸು. ಕರ್ನಾಟಕದವರು ತಲಪಾಡಿಯಲ್ಲಿ, ಒಳರಸ್ತೆಗಳಲ್ಲೂ ಮಣ್ಣು ಹಾಕಿ ಗಡಿ ಬಂದ್ ಮಾಡಿದ್ರು. ಮಂಜೇಶ್ವರದವನಿಗೆ ಆಸ್ಪತ್ರೆ ಅಂದ್ರೆ ಮಂಗಳೂರು, ಅದು ಯಾವ ರಾಜ್ಯ ಅಂತ ಯಾರೂ ಯೋಚನೆ ಮಾಡಿದ್ದೇ ಇಲ್ಲ. ಡಯಾಲಿಸಿಸಿಗೆ, ಹೆರಿಗೆಗೆ ಹೋಗುವವರು ಗಡಿಯಲ್ಲಿ ನಿಂತ್ರು, ಚಿಕಿತ್ಸೆ ಸಿಗದೆ ಜೀವಗಳೇ ಹೋದುವು. ಕೇರಳ ಹೈಕೋರ್ಟಿಗೆ ಹೋಯ್ತು, ಸುಪ್ರೀಂ ಕೋರ್ಟಿಗೆ ಹೋಯ್ತು, ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳನ್ನು ಬಿಡುವ ಕ್ರಮ ಒಪ್ಪಿಗೆ ಆಯ್ತು, ಪವಿತ್ರ ವಾರದ ಮಂಗಳವಾರ ಅದು. ಅದೇ ವಾರ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕೋವಿಡ್ ಆಸ್ಪತ್ರೆಯಾಗಿ ಸುರು ಆಯ್ತು.

ಚರ್ಚಿನ ಲೆಕ್ಕದಲ್ಲಿ ನಾವು ಮಂಗಳೂರು ಧರ್ಮಪ್ರಾಂತ್ಯ, ಬಿಷಪರು ಗಡಿಯ ಆಚೆ. ಹಾಗಾಗಿ ದುಬೈಯಲ್ಲಿ ಕೂತವನೂ ಬೇಳದಲ್ಲಿ ಕೂತವನೂ ಮಂಗಳೂರಿನ ಪೂಜೆಯನ್ನು ಅದೇ ಯೂಟ್ಯೂಬಿನಲ್ಲಿ ನೋಡಿದ್ದು, ಆ ಒಂದು ಹಬ್ಬಕ್ಕೆ ಪರದೇಶ ಸ್ವದೇಶ ಅಂತ ವ್ಯತ್ಯಾಸ ಇರ್ಲಿಲ್ಲ.

ಹಬ್ಬಕ್ಕೆ ಊರಿಗೇ ಬಂದು ಬಿಡ್ಬಹುದಿತ್ತಲ್ವಾ?

ಹೇಗೆ? ಮಾರ್ಚ್ 22ರ ನಂತರ ಭಾರತಕ್ಕೆ ಅಂತಾರಾಷ್ಟ್ರೀಯ ವಿಮಾನವೇ ಇಳಿಯುವ ಹಾಗಿಲ್ಲ. ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರ್ಕೊಂಡು ಬರುವ ವಂದೇ ಭಾರತ್ ವಿಮಾನ ಸುರು ಆದದ್ದು ಮೇ 7ಕ್ಕೆ, ದುಬೈಯಿಂದ ಮಂಗಳೂರಿಗೆ ಮೊದಲನೆಯದ್ದು ಮೇ 12ಕ್ಕೆ, ಅದೂ ಗರ್ಭಿಣಿಯರು, ಕೆಲಸ ಹೋದವರು, ಕಾಯಿಲೆಯವರಿಗೆ ಮೊದ್ಲು. ನಮ್ಮವರಿಗೆ ಇನ್ನೊಂದು ತಲೆನೋವು, ಹತ್ರದ ಏರ್‌ಪೋರ್ಟ್ ಮಂಗಳೂರು ಆದ್ರೂ ಅದು ಬೇರೆ ರಾಜ್ಯ, ಕ್ವಾರಂಟೈನ್ ಅಲ್ಲಿಯದ್ದು.

ಆ ಹೊತ್ತಿಗೆ ಊರಲ್ಲಿ ಯಾರಾದ್ರೂ ತೀರಿಕೊಂಡಿದ್ರೆ?

ಮೊಬೈಲಿನಲ್ಲಿ ನೋಡಿದ್ದು. ಹೆಚ್ಚು ಬರಿಲಿಕ್ಕೆ ಮನಸ್ಸು ಬರುದಿಲ್ಲ. ಒಂದು ಮಾತು ಮಾತ್ರ, ಜನ ಇಲ್ಲದಿದ್ರೂ ಗುರುಗಳು ದಿನಾ ಪೂಜೆ ಮಾಡ್ತಿದ್ರು, ತೀರಿಕೊಂಡವರ ಹೆಸರು ಫೋನ್ ಮಾಡಿ ಕೊಟ್ರೆ ಆ ಪೂಜೆಯಲ್ಲಿ ನೆನಪು ಮಾಡ್ತಿದ್ರು. ಇದು ಗೊತ್ತಿಲ್ಲದೆ ಸುಮ್ಮನೆ ಕೊರಗಿದವರು ಉಂಟು. ತೀರಿಕೊಂಡು ವರ್ಷ ತುಂಬುವಾಗ ಬಂದು ಸಮಾಧಿಗೆ ಹೂ ಇಟ್ಟವರೂ ಉಂಟು.

ಯುರೋಪಿನಲ್ಲಿ ಇದ್ದವರಿಗೆ ಸುಲಭ ಇತ್ತಾ, ಅದು ಕ್ರೈಸ್ತ ದೇಶಗಳಲ್ವಾ?

ಎಂತ ಸುಲಭವೂ ಇಲ್ಲ. ಇಟಲಿಯಲ್ಲಿ ಮಾರ್ಚ್ ಆರಂಭದಲ್ಲೇ ಜನರ ಪೂಜೆ ನಿಂತದ್ದು ಪುನಃ ಸುರು ಆದದ್ದು ಮೇ 18ಕ್ಕೆ. ಐರ್ಲೆಂಡಿನಲ್ಲಿ ಮನೆಯಿಂದ 2 ಕಿಲೋಮೀಟರ್ ದಾಟುವ ಹಾಗಿಲ್ಲ. ಜೆರುಸಲೇಮಿನ ಪವಿತ್ರ ಸಮಾಧಿಯ ದೇವಾಲಯದ ಬಾಗಿಲೇ ಹಾಕಿತ್ತು. ಹಬ್ಬದ ರಜೆ ಅಂತೂ ಇತ್ತು, ಆದ್ರೆ ಅಲ್ಲಿರುವ ನಮ್ಮವರು ಹೆಚ್ಚಿನವರು ನರ್ಸುಗಳು, ಅವರಿಗೆ ಆ ಭಾನುವಾರ ಡ್ಯೂಟಿಯೇ.

ತೆನೆ ಹಬ್ಬ, ಕ್ರಿಸ್ಮಸ್ ಆದ್ರೂ ಸರಿ ಆಯ್ತಾ ಆ ವರ್ಷ?

ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದ್ರೆ ತೆನೆ ಹಬ್ಬಕ್ಕೆ, ಹೊಸ ತೆನೆ ಬೇಕು. ಮಾಮೂಲಿ ಊರಿಂದ ಬರುವವರ ಹತ್ರ ತೆನೆ ಒಣಗಿಸಿ ಲಕೋಟೆಯಲ್ಲಿ ಹಾಕಿ ಕಳಿಸ್ತಾರೆ, ಅಥವಾ ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಸೇರಿಸಿ ಎಲ್ಲರೂ ಒಂದು ಚಮಚ ತಗೊಳ್ಳುದು. ಆ ವರ್ಷ ಬರುವವರೇ ಇಲ್ಲ. ಹಿಂದಿನ ವರ್ಷದ ಪುಡಿ ಚೂರು ಉಳಿಸಿದವರು ಅದನ್ನೇ ಹಾಕಿದ್ರು. ಊಟ ಹೇಗೂ ತರಕಾರಿಯದ್ದು, ಬೆಸ ಸಂಖ್ಯೆಯಲ್ಲಿ ಪಲ್ಯ ಮಾಡುದು, ಅದಕ್ಕೆ ತೊಂದರೆ ಆಗ್ಲಿಲ್ಲ.

ಕ್ರಿಸ್ಮಸಿಗೆ ಯುಎಇಯಲ್ಲಿ ಪರವಾಗಿಲ್ಲ ಅನ್ನುವ ಹಾಗಿತ್ತು, ಕುವೈತ್ ಡಿಸೆಂಬರ್ 21ರಿಂದ ವರ್ಷದ ಮೊದಲ ದಿನದ ತನಕ ಏರ್‌ಪೋರ್ಟನ್ನೇ ಮುಚ್ಚಿತು, ಟಿಕೆಟ್ ಮಾಡಿದವರು ಬಾಕಿ. ವ್ಯಾಟಿಕನ್ನಿನಲ್ಲಿ ಕರ್ಫ್ಯೂ ಅಂತ ಪೋಪರ ರಾತ್ರಿ ಪೂಜೆ 7.30ಕ್ಕೇ ಆಯ್ತು. ಜನ ದೂರ ದೂರ ಕೂರ್ಬೇಕಲ್ಲಾ, ಅದಕ್ಕೆ ಒಬ್ಬ ಗುರು ಆ ದಿನ ನಾಲ್ಕು ಪೂಜೆ ತನಕ ಮಾಡ್ಬಹುದು ಅಂತ ಅನುಮತಿ ಕೊಟ್ರು. ಕುಸ್ವಾರ್ (ಕ್ರಿಸ್ಮಸಿನ ತಿಂಡಿಗಳು) ಮಾತ್ರ ಯಾವ ವರ್ಷಕ್ಕಿಂತಲೂ ಹೆಚ್ಚು ಆಯ್ತು, ನೆವ್ರಿ, ಕಿಡಿಯೊ, ಚಕ್ಕುಲಿ, ಕೊಕ್ಕಿಸಾಂ, ಮನೆಯಲ್ಲೇ ಇದ್ದವರಿಗೆ ಬೇರೆ ಎಂತ ಕೆಲಸ. ಹಂಚ್ಲಿಕ್ಕೆ ಜನ ಇಲ್ಲದೆ ಜನವರಿ ಕೊನೆಯ ತನಕ ತಿಂದೆವು.

ಆ ವರ್ಷ ಗರಿ ಕೊಡ್ಲೇ ಇಲ್ಲ ಅಂದ್ರೆ ಮುಂದಿನ ವರ್ಷದ ಬೂದಿ ಬುಧವಾರಕ್ಕೆ ಬೂದಿ ಎಲ್ಲಿಂದ?

ಒಳ್ಳೆ ಪ್ರಶ್ನೆ, ಧರ್ಮೋಪದೇಶದ ಮಕ್ಕಳು ಕೇಳುದು ಇದನ್ನೇ. ಹಿಂದಿನ ವರ್ಷದ ಗರಿ ಸುಟ್ಟು ಬೂದಿ ಮಾಡುದು ಕ್ರಮ ಹೌದು. ಆದ್ರೆ ಒಳಗೆ ಗುರುಗಳು ಆಶೀರ್ವದಿಸಿದ ಗರಿ ಇತ್ತು, ಜನರ ಮನೆಗಳಲ್ಲಿ 2019ರದ್ದು, ಅದಕ್ಕೂ ಹಿಂದಿನದ್ದು ಇತ್ತು. 2021ರ ಫೆಬ್ರವರಿ 17ಕ್ಕೆ ಬೂದಿ ಬುಧವಾರ ಬಂದಾಗ ಬದಲಾದದ್ದು ಬೂದಿ ಅಲ್ಲ, ಹಾಕುವ ವಿಧಾನ. ವ್ಯಾಟಿಕನ್ ಜನವರಿಯಲ್ಲೇ ಹೇಳಿತ್ತು, ಗುರುಗಳು ಮಂತ್ರವನ್ನು ಎಲ್ಲರಿಗೂ ಸೇರಿಸಿ ಒಮ್ಮೆ ಮಾತ್ರ ಹೇಳ್ಬೇಕು, ಕೈ ತೊಳೆದು ಮಾಸ್ಕ್ ಹಾಕಿ, ಎಂತದೂ ಮಾತಾಡದೆ ತಲೆ ಮೇಲೆ ಉದುರಿಸ್ಬೇಕು ಅಂತ. ಹಣೆಗೆ ಹಚ್ಚಿಸಿಕೊಂಡು ಅಭ್ಯಾಸ ಇದ್ದವರಿಗೆ ಇದೆಂತ ಹೊಸತು ಅಂತ ಕಂಡಿತು, ಇಟಲಿಯಲ್ಲಿ ಮೊದ್ಲಿಂದ್ಲೂ ಹಾಗೇ ಉದುರಿಸುದಂತೆ. ತಲೆಗೆ ಎಣ್ಣೆ ಹಾಕಿ ಹೋಗ್ಬೇಡಿ, ಮೆತ್ತಿಕೊಳ್ತದೆ.